ಹಾಜರಿ ಯಾರದು, ಲೆಕ್ಕ ಯಾರ ಕೈಯಲ್ಲಿ?

ಹೆಬ್ಬೆಟ್ಟು ಅನ್ನುವುದು ನಮ್ಮ ಕಡೆ ಒಂದು ಬೈಗುಳ. ಓದುಬರಹ ಬಾರದವನನ್ನು ಊರವರು ಕರೆಯುತ್ತಿದ್ದುದೇ ಹಾಗೆ. 'ಅವನೇನು ಬಿಡ್ರಿ, ಹೆಬ್ಬೆಟ್ಟು.' ನಮ್ಮ ಅಪ್ಪಂದಿರು, ಅಜ್ಜಂದಿರು ಸಾಲದ ಪತ್ರಕ್ಕೆ, ಜೀತದ ಕರಾರಿಗೆ, ಹೊಲ ಕೈಬಿಟ್ಟುಹೋದ ಕ್ರಯಪತ್ರಕ್ಕೆ ಒತ್ತಿದ ನೀಲಿ ಗುರುತುಗಳು ಇವತ್ತಿಗೂ ಯಾರ್ಯಾರದೋ ಟ್ರಂಕಿನ ತಳದಲ್ಲಿವೆ. ಒತ್ತಿದವನಿಗೆ ಆ ಕಾಗದದಲ್ಲಿ ಏನು ಬರೆದಿದೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದವನು ಒತ್ತಬೇಕಾಗಿರಲಿಲ್ಲ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಮ್ಮ ಬಳಗದ ಕೆಲವರು ಲಾಟೀನು ಹಿಡಿದು ಕೇರಿಕೇರಿ ತಿರುಗಿದ್ದು ಇದೇ ಕಾರಣಕ್ಕೆ. ಅರವತ್ತು ದಾಟಿದ ಅವ್ವಂದಿರು ಸ್ಲೇಟಿನ ಮೇಲೆ ಹೆಸರು ಬರೆದು, ಅದನ್ನು ಅಳಿಸಲು ಮನಸ್ಸು ಬಾರದೆ ಹಾಗೇ ಎದೆಗವಚಿಕೊಂಡು ಮನೆಗೆ ಹೋದದ್ದನ್ನು ನಾವು ಕಂಡಿದ್ದೇವೆ. ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ಅನೇಕರು ಕಂಡಿದ್ದಾರೆ.

ಈಗ ಬೆರಳು ಮತ್ತೆ ಬಂದಿದೆ. ಬೆರಳಿನ ಹಿಂದೆಯೇ ಮುಖವೂ ಬಂದಿದೆ. ಅದಕ್ಕೆ ಬಯೋಮೆಟ್ರಿಕ್ ಎಂದು ಹೆಸರಿಟ್ಟಿರುವುದರಿಂದ ಬೈಗುಳ ಹೋಗಿ ಮರ್ಯಾದೆ ಬಂದಿದೆ. ಬೆಂಗಳೂರಿನ ಸುತ್ತ ಎದ್ದೇಳುತ್ತಿರುವ ದೊಡ್ಡ ದೊಡ್ಡ ಕಟ್ಟಡಗಳ ಗೇಟಿನಲ್ಲಿ ಈಗ ಒಂದು ಸಣ್ಣ ಗಾಜಿನ ಡಬ್ಬಿ ನಿಂತಿದೆ. ಕೂಲಿಯವರು ಸಾಲಾಗಿ ನಿಂತು ಒಬ್ಬೊಬ್ಬರೇ ಅದಕ್ಕೆ ಮುಖ ತೋರಿಸಬೇಕು. ಹಸಿರು ದೀಪ ಬಂದರೆ ಒಳಕ್ಕೆ. ಕೆಂಪು ಬಂದರೆ ಪಕ್ಕಕ್ಕೆ. ಇದರ ಹೆಸರು ಡಿಜಿಟಲ್ ಚೆಕ್ ಇನ್ ಅಂತೆ. ಚೆಕ್ ಇನ್ ಎಂಬ ಮಾತು ನಾವು ಈವರೆಗೆ ಕೇಳಿದ್ದು ಲಾಡ್ಜಿನಲ್ಲಿ, ವಿಮಾನ ನಿಲ್ದಾಣದಲ್ಲಿ. ಅಲ್ಲಿ ಚೆಕ್ ಇನ್ ಆದವನಿಗೆ ಹಾಸಿಗೆ ಸಿಗುತ್ತದೆ, ಇಲ್ಲವೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ಲಾಡ್ಜನ್ನೂ ವಿಮಾನ ನಿಲ್ದಾಣವನ್ನೂ ಕಟ್ಟಿದ ಕೈಗಳಿಗೆ ಈ ಪದ ಬಂದಾಗ ಅದರ ಅರ್ಥ ಬಾಂಡ್ಲಿ ಎಂದಾಗುತ್ತದೆ.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ನಾವು ನಾಲ್ಕು ಜನ ಬೆಂಗಳೂರಿನ ಹೊರವಲಯದ ಒಂದು ಕಟ್ಟಡದ ಜಾಗಕ್ಕೆ ಹೋಗಿದ್ದೆವು. ಹೆಸರು ಬೇಡ. ಇದ್ದವರು ಬಹುಪಾಲು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು. ಉಳಿದವರು ಬಿಹಾರ, ಬಂಗಾಳ, ಒಡಿಶಾದವರು. ತಗಡಿನ ಶೆಡ್ಡು, ನೆಲದಲ್ಲಿ ಕೆಸರು, ಮೂವತ್ತು ಮನೆಗೆ ಎರಡು ಕಕ್ಕಸು. ಅಲ್ಲಿ ಒಬ್ಬಾಕೆ, ನಮ್ಮ ಅಕ್ಕನ ವಯಸ್ಸಿನವಳು, ನಾವು ಬರೆಯುವವರು ಎಂದು ತಿಳಿದ ಮೇಲೆ ಒಳಗೆ ಹೋಗಿ ಮಗನ ಕಾಪಿ ಪುಸ್ತಕ ತಂದಳು. ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ನಿಂತ ಗೆರೆಗಳು. ಐದಕ್ಕೊಂದು ಅಡ್ಡಗೆರೆ. ಎಣಿಸಿದೆವು, 26 ಇದ್ದವು.

'ಯಣ್ಣಾ, ಮುಂಜಾನಿ ಏಳಕ್ಕೆಲ್ಲ ಗೇಟಿಗಿ ನಿಂತಿರತೀನ್ರಿ. ಒಂದಿನ ಅದು ಮಾರಿ ನೋಡಿ ಕೆಂಪು ದೀಪ ಹಚ್ತು. ಸೆರಗು ತೆಗಿ ಅಂದ್ರು, ತೆಗದೆ. ಮಾರಿ ತೊಳಕೊಂಡ್ ಬಾ ಅಂದ್ರು, ತೊಳಕೊಂಡ್ ಬಂದೆ. ಮತ್ತ ಕೆಂಪೇ. ಸೂಪರ್‌ವೈಜರ್ ಅಂದ, ಇವತ್ತ ಕೆಲಸ ಮಾಡು, ಆಮ್ಯಾಲ ಸರಿ ಮಾಡಸ್ತೀನಿ ಅಂತ. ಹಿಂಗ ನಾಕ ಸಲ ಆತು. ತಿಂಗಳ ಲೆಕ್ಕದಾಗ ನೋಡಿದ್ರ ಇಪ್ಪತ್ತೆರಡೇ ದಿನ. ಕೇಳಿದ್ರ ನೀ ಬಂದಿಲ್ಲಂತದ ಮಿಷನ್ನು ಅಂದ. ನಾ ಬಂದಿಲ್ಲಂದ್ರ ಆ ಗ್ವಾಡಿಗೆ ಇಟ್ಟಂಗಿ ಹೊತ್ತವರು ಯಾರ್ರಿ?'

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು ಎಂದು ಹುಡುಕುತ್ತ ಹೋದರೆ ವಿಚಿತ್ರವಾದ ಕತೆ. ಮೇಸ್ತ್ರಿಯನ್ನು ಕೇಳಿದರೆ ಅದು ಗುತ್ತಿಗೆದಾರನದು ಎನ್ನುತ್ತಾನೆ. ಗುತ್ತಿಗೆದಾರ, ಅದು ಕಂಪನಿಯ ಯಂತ್ರ, ನಾನು ಮುಟ್ಟುವ ಹಾಗಿಲ್ಲ ಎನ್ನುತ್ತಾನೆ. ಕಂಪನಿಯ ಇಂಜಿನಿಯರು, ಡೇಟಾ ಎಲ್ಲ ಸರ್ವರಿನಲ್ಲಿದೆ, ಆ ಸಾಫ್ಟ್‌ವೇರು ಬೇರೆಯವರದು ಎನ್ನುತ್ತಾನೆ. ಹಳೆಯ ಕಾಲದಲ್ಲಿ ಮೇಸ್ತ್ರಿ ಎರಡು ದಿನ ನುಂಗಿದರೆ ಅವನ ಅಂಗಿ ಹಿಡಿದು ಕೇಳಬಹುದಿತ್ತು. ಸಂಜೆ ಹೆಂಡದಂಗಡಿಯಲ್ಲಿ ಸಿಕ್ಕರೆ ನಾಲ್ಕು ಜನರ ಮುಂದೆ ಮಾನ ಕಳೆಯಬಹುದಿತ್ತು. ಈಗ ಕದ್ದವರಿಗೆ ಅಂಗಿಯೇ ಇಲ್ಲ.

ಹಾಗಂತ ನಾವು ಮೇಸ್ತ್ರಿಯ ಹಾಜರಿ ಪುಸ್ತಕವನ್ನು ಹಾಡಿ ಹೊಗಳಲು ಹೊರಟಿಲ್ಲ. ಆ ಎಣ್ಣೆ ಮೆತ್ತಿದ ಉದ್ದ ಪುಸ್ತಕ ನಮ್ಮ ಜನರ ರಕ್ತ ಕುಡಿದ ಪುಸ್ತಕ. ಮಧ್ಯಾಹ್ನ ಮಳೆ ಬಂದರೆ ಅರ್ಧ ಹಾಜರಿ. ಮೋಲ್ಡ್ ಹಾಕುವ ದಿನ ರಾತ್ರಿ ಹನ್ನೊಂದಾದರೂ ಒಂದೇ ಹಾಜರಿ. ಮುಂಗಡ ಕೊಟ್ಟದ್ದು ಎರಡು ಸಾವಿರವಾದರೆ ಬರೆದದ್ದು ಮೂರು. ತನ್ನ ಜಾತಿಯವನಿಗೆ ತುಂಬಿದ ವಾರ, ಕೇರಿಯವನಿಗೆ ತೂತು ಬಿದ್ದ ವಾರ. ನಮ್ಮಲ್ಲಿ ಕೆಲವರ ಅಪ್ಪಂದಿರು ಅಣೆಕಟ್ಟಿನ ಕೆಲಸಕ್ಕೆ, ಕಾಲುವೆ ಕೆಲಸಕ್ಕೆ ಹೋಗಿ ಅಂಥ ಪುಸ್ತಕದಲ್ಲಿ ಹೆಸರೇ ಇಲ್ಲದೆ ಸತ್ತಿದ್ದಾರೆ. ಆದ್ದರಿಂದ ಯಂತ್ರ ಬಂತು ಎಂದಾಗ ಖುಷಿಪಟ್ಟವರಲ್ಲಿ ನಾವೂ ಇದ್ದೆವು. ನಮ್ಮದೇ ಗೆಳೆಯನೊಬ್ಬ, ಕೇರಿಯಲ್ಲಿ ಹುಟ್ಟಿ ಇಂಜಿನಿಯರಾದವನು, ಜೋರಾಗಿ ವಾದ ಮಾಡಿದ: 'ಮೇಸ್ತ್ರಿ ಜಾತಿ ನೋಡ್ತಾನೆ, ಕ್ಯಾಮೆರಾ ನೋಡಲ್ಲ. ನೀವು ಯಾಕ್ರೋ ಎಲ್ಲಾದಕ್ಕೂ ಅಡ್ಡ ಮಾತಾಡ್ತೀರಿ?'

ಅವನ ಮಾತನ್ನು ಸುಮ್ಮನೆ ತಳ್ಳಿಹಾಕುವುದು ಸರಿಯಲ್ಲ. ಯಂತ್ರವನ್ನು ಬೈದು ಹಳ್ಳಿಯ ಹಳೆಯ ಬಾಳನ್ನು ಹೊಗಳುವುದು ನಮ್ಮ ಪರಂಪರೆಯಲ್ಲ. ಗಾಂಧೀವಾದಿಗಳು ಯಂತ್ರವನ್ನು ಶಪಿಸಿದಾಗ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಕೆಡುಕು ಯಂತ್ರದಲ್ಲಿಲ್ಲ, ಯಂತ್ರದ ಫಲವನ್ನು ಕೆಲವರಿಗೆ ಮಾತ್ರ ಕೊಡುವ ಸಮಾಜದ ಏರ್ಪಾಡಿನಲ್ಲಿದೆ ಎಂಬುದು 1945ರ ಬರಹದಲ್ಲಿ ಅವರು ತಳೆದ ನಿಲುವು. 1942ರಿಂದ 1946ರವರೆಗೆ ವೈಸರಾಯಿಯ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಮನುಷ್ಯ ಅವರು. ಕೆಲಸದ ಗಂಟೆ ಎಂದರೆ ಏನೆಂದು ಗೊತ್ತಿದ್ದವರು. ಹಾಗಾದರೆ ಅವರ ಅಳತೆಗೋಲನ್ನೇ ಈ ಗಾಜಿನ ಡಬ್ಬಿಗೂ ಹಿಡಿದು ನೋಡೋಣ. ಇದರ ಫಲ ಯಾರಿಗೆ?

ಇದನ್ನು ಮಾರುವವರ ಜಾಹೀರಾತನ್ನು ನಾವು ಒಂದು ಪಠ್ಯದಂತೆ ಓದಿದೆವು. ಕವಿತೆ ಓದುವಷ್ಟೇ ನಿಧಾನವಾಗಿ ಓದಬೇಕಾದ ಸಾಹಿತ್ಯ ಅದು. 'ಹೆಡ್ ಕೌಂಟ್' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ, ತಲೆ ಎಣಿಕೆ. ನಮ್ಮಲ್ಲಿ ತಲೆ ಎಣಿಸುವುದು ಕುರಿಗಳದು, ಸಂಜೆ ಹಟ್ಟಿಗೆ ಸೇರಿಸುವಾಗ. 'ಮ್ಯಾನ್‌ಪವರ್' ಎಂಬ ಮಾತಿದೆ. ಅಲ್ಲಿ ಹೆಣ್ಣೂ ಇಲ್ಲ, ಮನುಷ್ಯನೂ ಇಲ್ಲ, ಕುದುರೆಶಕ್ತಿಯ ಹಾಗೆ ಒಂದು ಶಕ್ತಿ ಮಾತ್ರ ಇದೆ. ಕಚೇರಿಯಲ್ಲಿ ಕುಳಿತ ಮ್ಯಾನೇಜರು ಯಾವ ಗುತ್ತಿಗೆದಾರನ ಎಷ್ಟು ಜನ ಈ ಕ್ಷಣ ಎಲ್ಲಿದ್ದಾರೆ ಎಂದು ಫೋನಿನಲ್ಲೇ ನೋಡಬಹುದು. ಸುಳ್ಳು ಹೆಸರುಗಳನ್ನು ಹಿಡಿಯಬಹುದು. ಒಬ್ಬನ ಹಾಜರಿ ಇನ್ನೊಬ್ಬ ಹಾಕುವುದನ್ನು ತಡೆಯಬಹುದು. ತಡವಾಗಿ ಬಂದವನ ನಿಮಿಷಗಳನ್ನು ಕತ್ತರಿಸಬಹುದು. ಎಲ್ಲವೂ ನಿಜ, ಯಂತ್ರ ಇದನ್ನೆಲ್ಲ ಮಾಡುತ್ತದೆ. ಆದರೆ ಓವರ್‌ಟೈಮಿಗೆ ಎರಡು ಪಟ್ಟು ಕೂಲಿ ತಾನಾಗಿಯೇ ಲೆಕ್ಕ ಹಾಕಿ ಕೂಲಿಯವನ ಫೋನಿಗೆ ಕಳಿಸುತ್ತದೆ ಎಂಬ ಸಾಲು ನಾವು ಓದಿದ ಯಾವ ಹಾಳೆಯಲ್ಲೂ ಕಾಣಲಿಲ್ಲ.

ಇಲ್ಲಿ ಎರಡು ಬಗೆಯ ಕಳ್ಳತನವನ್ನು ಬಿಡಿಸಿ ನೋಡಬೇಕು. ಗುತ್ತಿಗೆದಾರ ನಲವತ್ತು ಜನರನ್ನು ತಂದು ಐವತ್ತು ಹೆಸರು ಬರೆಸಿ ಬಿಲ್ಲು ಎತ್ತುತ್ತಾನೆ. ಅದು ಬಿಲ್ಡರಿನಿಂದ ಮಾಡುವ ಕಳ್ಳತನ. ನಲವತ್ತು ಜನರಿಗೆ ಮೂವತ್ತೈದು ಜನರ ಕೂಲಿ ಹಂಚುತ್ತಾನೆ. ಅದು ನಮ್ಮಿಂದ ಮಾಡುವ ಕಳ್ಳತನ. ಗೇಟಿನ ಯಂತ್ರ ಮೊದಲನೆಯದನ್ನು ಹಿಡಿಯಲು ಹುಟ್ಟಿದ್ದು. ಎರಡನೆಯದನ್ನು ಹಿಡಿಯುವ ಶಕ್ತಿ ಅದಕ್ಕೆ ಇದೆ. ಒಳಗೆ ಹೋದ ಗಳಿಗೆ, ಹೊರಗೆ ಬಂದ ಗಳಿಗೆ ಎರಡೂ ಅದರ ಹೊಟ್ಟೆಯಲ್ಲಿವೆ. ರಾತ್ರಿ ಹನ್ನೊಂದರವರೆಗೆ ಕಾಂಕ್ರೀಟು ಸುರಿದವನ ಹದಿನಾರು ಗಂಟೆ ಅದಕ್ಕೆ ಗೊತ್ತಿದೆ. ಗೊತ್ತಿದ್ದೂ ಬಾಯಿ ಬಿಡದಂತೆ ಅದನ್ನು ಕಟ್ಟಿದ್ದಾರೆ. ತಡವಾಗಿ ಬಂದ ಹದಿನೈದು ನಿಮಿಷಕ್ಕೆ ಬಾಯಿ ಉಂಟು, ತಡವಾಗಿ ಹೋದ ಐದು ಗಂಟೆಗೆ ಇಲ್ಲ.

ಇನ್ನು ಯಂತ್ರಕ್ಕೆ ಜಾತಿ ಇಲ್ಲ ಎಂಬ ಮಾತು. ಗೇಟಿಗೆ ಬರುವ ಮೊದಲು ಹೆಸರು ನೋಂದಾಯಿಸಬೇಕು. ಆಧಾರ್, ಫೋಟೋ, ಯಾರ ಗುತ್ತಿಗೆ, ಯಾವ ಕೆಲಸ. ಕೆಲಸದ ಮುಂದೆ ಮೂರು ಮನೆಗಳಿವೆ: ಸ್ಕಿಲ್ಡ್, ಸೆಮಿ ಸ್ಕಿಲ್ಡ್, ಅನ್‌ಸ್ಕಿಲ್ಡ್. ಸೆಂಟ್ರಿಂಗಿನವನು, ಕಂಬಿ ಕಟ್ಟುವವನು, ಗಾರೆಯವನು ಮೇಲಿನ ಮನೆಗಳಿಗೆ ಹೋಗುತ್ತಾರೆ. ಕಲ್ಲಿನ ನಾಡಿ ಬಲ್ಲ ವಡ್ಡರ ಹೆಂಗಸು, ತಲತಲಾಂತರದಿಂದ ಕೆರೆ ಕಟ್ಟಿದ ಕುಲದ ಹೆಂಗಸು, ಗಾರೆ ಕಲಸುವ ಹದ ಮೇಸ್ತ್ರಿಗಿಂತ ಚೆನ್ನಾಗಿ ಬಲ್ಲವಳು, ಕೊನೆಯ ಮನೆಗೆ ಬೀಳುತ್ತಾಳೆ. ನಾವು ಮಾತಾಡಿಸಿದ ಹೆಂಗಸರಲ್ಲಿ ಒಬ್ಬಳೂ ಮೇಲಿನ ಮನೆಯಲ್ಲಿರಲಿಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದವಳೂ 'ಹೆಲ್ಪರ್' ಆಗಿಯೇ ಇದ್ದಾಳೆ. ಯಾರ ಕೆಲಸ ವಿದ್ಯೆ, ಯಾರ ಕೆಲಸ ಬರೀ ಮೈಬೆವರು ಎಂದು ಮನು ಬರೆದಿಟ್ಟ ಪಟ್ಟಿಯನ್ನು ಯಂತ್ರ ಓದಿಲ್ಲ ನಿಜ. ಅದನ್ನು ಓದಿದವರು ತುಂಬಿದ ಫಾರಂ ಅದರ ಒಳಗಿದೆ.

ಕಣ್ಣಿನ ವಿಷಯವನ್ನೂ ನೋಡಿ. ಅಮೆರಿಕದಲ್ಲಿ ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿತ್ ಗೆಬ್ರು ಎಂಬ ಇಬ್ಬರು ಕಪ್ಪು ಹೆಣ್ಣುಮಕ್ಕಳು 2018ರಲ್ಲಿ ದೊಡ್ಡ ಕಂಪನಿಗಳ ಮುಖ ಓದುವ ಯಂತ್ರಗಳನ್ನು ಪರೀಕ್ಷೆ ಮಾಡಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವುದು, ಅಷ್ಟೇ. ಬಿಳಿ ಗಂಡಸರಲ್ಲಿ ತಪ್ಪಿದ್ದು ಹೆಚ್ಚೆಂದರೆ ನೂರಕ್ಕೆ 0.8. ಕಪ್ಪು ಹೆಂಗಸರಲ್ಲಿ ನೂರಕ್ಕೆ 34.7ರವರೆಗೆ ತಪ್ಪಿತ್ತು. ಆಮೇಲೆ ಆ ಕಂಪನಿಗಳು ಸುಧಾರಿಸಿಕೊಂಡವು, ಅದನ್ನೂ ಹೇಳಬೇಕು. ಆದರೆ ಬಿಸಿಲಿಗೆ ಕರಕಲಾದ, ಸಿಮೆಂಟಿನ ಧೂಳು ಕೂತ, ಸೆರಗು ಬಿಗಿದ ಯಾದಗಿರಿಯ ಮುಖದ ಮೇಲೆ ನಮ್ಮ ಗೇಟಿನ ಡಬ್ಬಿಯನ್ನು ಯಾರು ಪರೀಕ್ಷೆ ಮಾಡಿದ್ದಾರೆ? ಮುಖ ಬೇಡ, ಬೆರಳೇ ಇರಲಿ ಎಂದರೆ ಅದೂ ಸುಲಭವಲ್ಲ. ಹಸಿ ಸಿಮೆಂಟು ಸುಣ್ಣದ ಹಾಗೆ ಕ್ಷಾರ. ಚರ್ಮ ಸುಡುತ್ತದೆ, ಬಿರಿಯುತ್ತದೆ. ಇಟ್ಟಿಗೆ, ಕಲ್ಲು, ಕಂಬಿ ಹಿಡಿದು ಹಿಡಿದು ಬೆರಳಿನ ಗೆರೆಗಳು ತೇದುಹೋಗುತ್ತವೆ. ಹೆಚ್ಚು ದುಡಿದಷ್ಟೂ ಗುರುತು ಅಳಿಯುತ್ತದೆ. ದುಡಿಯದವನ ಬೆರಳನ್ನು ಯಂತ್ರ ಚೆನ್ನಾಗಿ ಓದುತ್ತದೆ.

ಈ ಬೆರಳಿನ ಚರಿತ್ರೆಯೇ ಕಟ್ಟಡದ ಕೆಲಸದ ಜೊತೆ ಹುಟ್ಟಿದ್ದು ಎಂದರೆ ನಮ್ಮ ವಿದ್ಯಾರ್ಥಿ ಮಿತ್ರರಿಗೆ ಆಶ್ಚರ್ಯವಾಗಬಹುದು. ಬಂಗಾಳದ ಜಂಗೀಪುರದಲ್ಲಿ 1858ರ ಜುಲೈ ತಿಂಗಳಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ರಾಜ್ಯಧರ ಕೋನಾಯಿ ಎಂಬಾತನ ಇಡೀ ಅಂಗೈಗೆ ಮಸಿ ಬಳಿದು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ಅದು ರಸ್ತೆಗೆ ಹಾಕುವ ಸಾಮಗ್ರಿ ಪೂರೈಸುವ ಕರಾರು. ಮುಂದೆ ಈತ ನನ್ನ ರುಜು ಅಲ್ಲ ಎನ್ನದಂತೆ ಹೆದರಿಸುವುದಕ್ಕೆ ಹಾಗೆ ಮಾಡಿದೆ ಎಂದು ಹರ್ಷೆಲ್ ತಾನೇ ಬರೆದುಕೊಂಡಿದ್ದಾನೆ. ದಂಗೆ ಎದ್ದ ಮರುವರ್ಷ. ನೆಲದ ಜನರ ಮಾತಿನ ಮೇಲೆ ದೊರೆಗಳಿಗೆ ನಂಬಿಕೆ ಹೋಗಿತ್ತು. ಮಾತು ನಂಬದವನಿಗೆ ಮೈ ಬೇಕಾಯಿತು. ಆಮೇಲೆ ಬೆರಳಚ್ಚನ್ನು ವಿಂಗಡಿಸುವ ಲೆಕ್ಕವನ್ನು ಕಲ್ಕತ್ತೆಯಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸು ನೌಕರರು ಕೂತು ಬಿಡಿಸಿದರು. ಲೋಕಕ್ಕೆಲ್ಲ ಅದು ಸಾಹೇಬ ಹೆನ್ರಿಯ ಪದ್ಧತಿ ಎಂದೇ ಹೆಸರಾಯಿತು. ದುಡಿದವರ ಹೆಸರು ಅಲ್ಲೂ ಹಾಜರಿಯಲ್ಲಿಲ್ಲ!

ಹಾಜರಿ ಎಂಬ ಪದಕ್ಕೆ ನಮ್ಮ ಕೇರಿಗಳಲ್ಲಿ ಇನ್ನೊಂದು ನೆನಪಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕೆಳಗೆ ಇಡೀ ಇಡೀ ಕುಲಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಬರೆದರು. ಹುಬ್ಬಳ್ಳಿ, ಗದಗ, ವಿಜಯಪುರಗಳ ಸೆಟ್ಲಮೆಂಟುಗಳಲ್ಲಿ ಘಂಟಿಚೋರರು, ಹರಣಶಿಕಾರಿಗಳು ತಂತಿಬೇಲಿಯೊಳಗೆ ಬಾಳಿದರು. ಹೆಸರು ಕೂಗಿದಾಗ ನಿಂತು ಹಾಜರಿ ಕೊಡಬೇಕಿತ್ತು, ಊರು ಬಿಡಬೇಕೆಂದರೆ ಚೀಟಿ ಬೇಕಿತ್ತು. ಆ ಕಾಯಿದೆ 1952ರಲ್ಲಿ ಹೋಯಿತು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಇನ್ನೂ ಉಳಿದಿದೆ. ನಮ್ಮ ಇಂಜಿನಿಯರ್ ಗೆಳೆಯ ಇದನ್ನು ಕೇಳಿ, 'ಅದಕ್ಕೂ ಇದಕ್ಕೂ ಏನ್ ಸಂಬಂಧ?' ಎಂದ. ಸಂಬಂಧ ಇದೆ. ನಾಗಪುರ, ಚಂಡೀಗಢಗಳಲ್ಲಿ ಪೌರಕಾರ್ಮಿಕರ ಮುಂಗೈಗೆ ಜಿಪಿಎಸ್ ಗಡಿಯಾರ ಕಟ್ಟಿದರು. ಎಲ್ಲಿ ನಿಂತರು, ಎಷ್ಟು ಹೊತ್ತು ಕೂತರು ಎಂದು ಕಚೇರಿಯಲ್ಲಿ ನೋಡುವುದಕ್ಕೆ. ಆ ಕಚೇರಿಯ ಮೇಲಧಿಕಾರಿಗಳ ಕೈಗೆ ಅದನ್ನು ಕಟ್ಟಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಯಾರ ಮಾತು ಸಾಕು, ಯಾರ ಮೈ ಬೇಕು ಎಂಬ ಹಳೆಯ ವಿಂಗಡಣೆಯೇ ಇಲ್ಲೂ ನಡೆದಿದೆ.

ಹಳ್ಳಿಯ ಮೇಷ್ಟ್ರುಗಳಿಗೆ ಇದು ಬೆಂಗಳೂರಿನ ಕತೆ ಅನ್ನಿಸಬಹುದು. ನಿಮ್ಮ ಊರ ಕೆರೆಯಂಗಳದಲ್ಲೇ ಇದು ನಡೆದುಹೋಗಿದೆ. ಉದ್ಯೋಗ ಖಾತರಿಯ ಕೆಲಸಕ್ಕೆ 2021ರಲ್ಲಿ ಎನ್‌ಎಂಎಂಎಸ್ ಎಂಬ ಆ್ಯಪು ಬಂತು. 2022ರ ಮೇ ತಿಂಗಳಿಂದ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ, 2023ರ ಜನವರಿಯಿಂದ ಎಲ್ಲ ಕಡೆ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲೇ ಗುಂಪಿನ ಫೋಟೋ. ತೆಗೆಯಬೇಕಾದವರು ಕಾಯಕ ಬಂಧುಗಳು, ತಮ್ಮ ಸ್ವಂತ ಫೋನಿನಲ್ಲಿ. ಇದರ ಮೂರ್ಖತನ ತಿಳಿಯಬೇಕಾದರೆ ಆ ಕೆಲಸದ ಗುಣ ಗೊತ್ತಿರಬೇಕು. ಅಲ್ಲಿ ಕೂಲಿ ಗಂಟೆಗಲ್ಲ, ತೋಡಿದ ಗುಂಡಿಯ ಅಳತೆಗೆ. ಬ್ಯಾಸಗಿಯಲ್ಲಿ ನಮ್ಮ ಹೆಂಗಸರು ಕತ್ತಲಿದ್ದಾಗಲೇ ಹೋಗಿ ಬಿಸಿಲೇರುವುದರೊಳಗೆ ಅಳತೆ ಮುಗಿಸಿ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದರು. ಆ್ಯಪು ಬಂದ ಮೇಲೆ ಗುಂಡಿ ಮುಗಿದರೂ ಮಧ್ಯಾಹ್ನದ ಫೋಟೋಕ್ಕೆ ಬಿಸಿಲಲ್ಲಿ ಕಾಯಬೇಕಾಯಿತು. ಮಣ್ಣು ತೋಡಿದ್ದು ಕಣ್ಣೆದುರಿಗಿದ್ದರೂ ನೆಟ್‌ವರ್ಕ್ ಸಿಗದೆ ಫೋಟೋ ಹೋಗದಿದ್ದರೆ ಆ ದಿನ ಕೂಲಿ ಇಲ್ಲ. 2023ರಲ್ಲಿ ಕೂಲಿಕಾರರು ದೆಹಲಿಯ ಜಂತರ್ ಮಂತರಿನಲ್ಲಿ ಕೂತು ಈ ಆ್ಯಪು ತೆಗೆಯಿರಿ ಎಂದರು. ತೆಗೆಯಲಿಲ್ಲ.

ಕಳ್ಳತನ ನಿಂತಿತೆ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಸಂಬಂಧವಿಲ್ಲದ ಫೋಟೋಗಳು ಏರಿಸಲ್ಪಟ್ಟಿವೆ, ಫೋಟೋದ ಫೋಟೋ ತೆಗೆದಿದ್ದಾರೆ, ಒಂದೇ ಜನ ಹಲವು ಎನ್‌ಎಂಆರ್‌ಗಳಲ್ಲಿ ಇದ್ದಾರೆ, ಚಿತ್ರದಲ್ಲಿರುವ ಗಂಡು ಹೆಣ್ಣಿನ ಲೆಕ್ಕಕ್ಕೂ ಪಟ್ಟಿಗೂ ತಾಳೆಯಿಲ್ಲ. ಕಳ್ಳನಿಗೆ ಫೋಟೋದ ಫೋಟೋ ತೆಗೆಯುವ ಬುದ್ಧಿ ಇತ್ತು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದವಳಿಗೆ ಕೂಲಿ ತಪ್ಪಿತು. ಸುತ್ತೋಲೆ ಹೇಳಿದ ಪರಿಹಾರವೇನು? ಪಂಚಾಯಿತಿಯ ಮಟ್ಟದಲ್ಲಿ ಎಲ್ಲ ಫೋಟೋಗಳನ್ನು ಮನುಷ್ಯರೇ ಕೂತು ನೋಡಬೇಕಂತೆ. ಮನುಷ್ಯನನ್ನು ನಂಬದೆ ಯಂತ್ರ ತಂದರು, ಯಂತ್ರವನ್ನು ನಂಬದೆ ಮತ್ತೆ ಮನುಷ್ಯನನ್ನು ಕೂರಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ 2005ರ ಆ ಕಾನೂನಿನ ಜಾಗಕ್ಕೇ ಬೇರೆ ಕಾನೂನು ಪಾಸಾಯಿತು. ಹಕ್ಕಿನ ಮಾತು ಅಲ್ಲಿ ಎಷ್ಟು ಉಳಿಯಿತು ಎಂಬುದು ಬೇರೆಯೇ ಚರ್ಚೆ, ಬಯೋಮೆಟ್ರಿಕ್ ಮಾತ್ರ ತಪ್ಪದೆ ಉಳಿಯಿತು.

ಹಾಗಾದರೆ ಹಾಜರಿಯೇ ಬೇಡವೆ? ಬೇಕು. ನಮಗೇ ಹೆಚ್ಚು ಬೇಕು. 2019ರ ಮಾರ್ಚಿನಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮತ್ತೊಂದು ಕುಸಿಯಿತು. ಇಂಥ ಕಡೆ ಅವಶೇಷದ ಪಕ್ಕ ನಿಂತವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ಒಳಗೆ ಎಷ್ಟು ಜನ? ಗೇಟಿನಲ್ಲಿ ಸರಿಯಾದ ಲೆಕ್ಕವಿದ್ದರೆ ಒಂದು ಜೀವ ಉಳಿಯಬಹುದು. ಸತ್ತವನು ನಮ್ಮ ಕೆಲಸದವನೇ ಅಲ್ಲ ಎಂದು ಗುತ್ತಿಗೆದಾರ ಕೈತೊಳೆಯುವುದೂ ಕಷ್ಟವಾಗುತ್ತದೆ. ಇನ್ನು 2020ನ್ನು ಮರೆಯುವ ಹಾಗಿಲ್ಲ. ಆ ಮೇ ತಿಂಗಳ ಮೊದಲ ವಾರದಲ್ಲಿ ಊರಿಗೆ ಹೊರಟ ಕೂಲಿಯವರ ರೈಲುಗಳನ್ನು ಕರ್ನಾಟಕ ಸರ್ಕಾರ ಬಿಲ್ಡರುಗಳ ಜೊತೆ ಸಭೆ ಆದ ಬೆನ್ನಿಗೇ ಬೇಡವೆಂದಿತು. ದೇಶವೆಲ್ಲ ಉಗಿದ ಮೇಲೆ ಮತ್ತೆ ಬಿಟ್ಟಿತು. ಜನ ಓಡಿಹೋಗದ ಹಾಗೆ ತಲೆ ಎಣಿಸಲು ಆಗ ಎಲ್ಲರಿಗೂ ಬಂತು. ಅದೇ ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ, ಊರಿಗೆ ನಡೆಯುತ್ತ ಸತ್ತ ವಲಸೆ ಕೂಲಿಗಳು ಎಷ್ಟು ಎಂದು ಕೇಳಿದಾಗ ಕೇಂದ್ರ ಕಾರ್ಮಿಕ ಸಚಿವಾಲಯ ಅಂಥ ಅಂಕಿಅಂಶ ಇಲ್ಲ ಎಂದಿತು. ದುಡಿಯುವಾಗ ನಿಮಿಷ ನಿಮಿಷಕ್ಕೂ ಲೆಕ್ಕ, ಸತ್ತಾಗ ಲೆಕ್ಕವಿಲ್ಲ.

ಆ ದಿನಗಳಲ್ಲೇ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಾಯಿತ ಕೂಲಿಯವರಿಗೆ ಮೊದಲು 2,000, ಆಮೇಲೆ 3,000 ರೂಪಾಯಿ ಕೊಟ್ಟಿತು. ಲೇಬರ್ ಕಾರ್ಡು ಇದ್ದವರಿಗೆ. ಕಾರ್ಡು ಬೇಕೆಂದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಇದು 1996ರ ಕಾನೂನಿನಲ್ಲಿತ್ತು. ಆ ಕಾನೂನು 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಕರಗಿದೆ. 90 ದಿನದ ಷರತ್ತು ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಈಗ ನೋಡಿ ತಮಾಷೆ. ಗೇಟಿನ ಯಂತ್ರದಲ್ಲಿ 90 ದಿನವೂ ಇದೆ, 300 ದಿನವೂ ಇದೆ, ಗಳಿಗೆ ಸಮೇತ. ಆದರೂ ನಮ್ಮ ಅಕ್ಕ ಒಂದು ಫಾರಮ್ಮಿಗೆ ಸಹಿ ಹಾಕಿಸಿಕೊಳ್ಳಲು ಗುತ್ತಿಗೆದಾರನ ಹಿಂದೆ ತಿರುಗಬೇಕು. ಅವನು ಹಾಕುವುದಿಲ್ಲ. ಹಾಕಿದರೆ ಇವಳು ತನ್ನ ಕೆಲಸದವಳು ಎಂದು ಒಪ್ಪಿದಂತಾಗುತ್ತದೆ. ಊರಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು ದಲ್ಲಾಳಿಗೆ ದುಡ್ಡು ಕೊಟ್ಟು ಬೋಗಸ್ ಕಾರ್ಡು ಮಾಡಿಸಿಕೊಂಡಿರುತ್ತಾನೆ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಎಂದು ಎತ್ತಿದ ಹಣ ಮಂಡಳಿಗಳಲ್ಲಿ ಕೊಳೆಯುತ್ತಿದೆ, ಅದರಲ್ಲಿ ಲ್ಯಾಪ್‌ಟಾಪು, ಬಟ್ಟೆ ಒಗೆಯುವ ಯಂತ್ರ ಕೊಂಡಿದ್ದಾರೆ ಎಂದು 2017ರಲ್ಲಿ ಸುಪ್ರೀಂ ಕೋರ್ಟೇ ಬೆಚ್ಚಿಬಿದ್ದಿತ್ತು. ಶೆಡ್ಡಿನಲ್ಲಿ ನೀರಿಲ್ಲದವರ ಹೆಸರಿನಲ್ಲಿ ಬಟ್ಟೆ ಒಗೆಯುವ ಯಂತ್ರ!

ಆದ್ದರಿಂದ ನಮ್ಮ ಜಗಳ ಡಬ್ಬಿಯ ಜೊತೆಗಿಲ್ಲ, ಅದರ ದಿಕ್ಕಿನ ಜೊತೆ. ಸ್ವೀಡನ್ ದೇಶದಲ್ಲಿ 2016ರಿಂದ ದೊಡ್ಡ ಕಟ್ಟಡದ ಜಾಗಗಳಲ್ಲಿ ವಿದ್ಯುನ್ಮಾನ ಹಾಜರಿ ಕಡ್ಡಾಯ. ಅಲ್ಲಿ ಅದನ್ನು ತಂದದ್ದು ಲೆಕ್ಕಕ್ಕೆ ಸಿಗದ ಹಾಗೆ ಜನರನ್ನು ದುಡಿಸಿಕೊಂಡು ತೆರಿಗೆ ತಪ್ಪಿಸುವ ಮಾಲೀಕರನ್ನು ಹಿಡಿಯಲು. ತೆರಿಗೆ ಇಲಾಖೆಯವರು ಹೇಳದೆ ಕೇಳದೆ ಬಂದು ಪಟ್ಟಿ ನೋಡುತ್ತಾರೆ. ಅಲ್ಲಿಯದೇನು ಸ್ವರ್ಗವಲ್ಲ. ಆದರೂ ಅಲ್ಲಿ ಗೇಟಿನ ಪಟ್ಟಿ ಮಾಲೀಕನ ಮೇಲೂ ಒಂದು ಕಣ್ಣಿಟ್ಟಿದೆ. ನಮ್ಮಲ್ಲಿ ಅದು ಮಾಲೀಕನ ಕಣ್ಣು ಮಾತ್ರ. ಕಾರ್ಮಿಕ ನಿರೀಕ್ಷಕ ಅದನ್ನು ತೆರೆದು ನೋಡಿದ್ದನ್ನು ನಾವು ಮಾತಾಡಿಸಿದ ಒಬ್ಬರೂ ಕಂಡಿರಲಿಲ್ಲ.

ಮುಖದ ಹಕ್ಕಿನ ಮಾತನ್ನೂ ಆಡಿಬಿಡೋಣ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟಿನಲ್ಲಿ ಹೇಳಿದ್ದು ನಮ್ಮ ನಾಡಿನವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. ಆಮೇಲೆ 2023ರಲ್ಲಿ ವೈಯಕ್ತಿಕ ದತ್ತಾಂಶದ ಕಾನೂನು ಬಂತು. ಉದ್ಯೋಗದ ಉದ್ದೇಶಕ್ಕಾದರೆ ಒಪ್ಪಿಗೆ ಕೇಳಬೇಕಿಲ್ಲ ಎಂದು ಅದರಲ್ಲೇ ಒಂದು ಹಿತ್ತಲ ಬಾಗಿಲು ಇಟ್ಟಿದ್ದಾರೆ. ಕೆಲಸ ಬಿಟ್ಟು ಊರಿಗೆ ಹೋದ ಮೇಲೂ ನಮ್ಮ ಅಕ್ಕತಂಗಿಯರ ಮುಖಗಳು ಯಾರ ಫೋನಿನಲ್ಲಿ, ಯಾವ ಸರ್ವರಿನಲ್ಲಿ ಉಳಿದಿರುತ್ತವೆ? ಶೆಡ್ಡಿನಲ್ಲಿ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು, 'ಆ ಸೂಪರ್‌ವೈಜರ್ ಫೋನ್ಯಾಗ ನಮ್ಮೆಲ್ಲರ ಫೋಟೋ ಅದಾವ್ರಿ.' ಹೆಚ್ಚು ಮಾತಾಡಲಿಲ್ಲ. ಅವಳ ಅತ್ತಿಗೆ ಕಣ್ಸನ್ನೆ ಮಾಡಿದಳು.

ಬೇಕಾದದ್ದು ಬಹಳ ದೊಡ್ಡದೇನಲ್ಲ. ಸಂಜೆ ಹೊರಗೆ ಬರುವಾಗ ಅದೇ ಯಂತ್ರ ಒಂದು ಚೀಟಿ ಕೊಡಲಿ, ಕನ್ನಡದಲ್ಲಿ, ಹಿಂದಿಯಲ್ಲಿ, ಬಂಗಾಳಿಯಲ್ಲಿ: ಇಂಥ ದಿನ, ಇಷ್ಟು ಗಂಟೆ, ಇಷ್ಟು ಕೂಲಿ, ಇಷ್ಟು ಓವರ್‌ಟೈಮು. ಬಸ್ಸಿನ ಕಂಡಕ್ಟರು ಹತ್ತು ರೂಪಾಯಿಗೆ ಚೀಟಿ ಕೊಡುತ್ತಾನೆ, ಹತ್ತು ಗಂಟೆ ದುಡಿತಕ್ಕೆ ಯಾಕೆ ಇಲ್ಲ? ಕೆಂಪು ದೀಪ ಬಂದ ದಿನ, ಕೆಲಸಕ್ಕೆ ಇಳಿಸಿಕೊಂಡಿದ್ದರೆ, ಹಾಜರಿ ಇದೆ ಎಂದೇ ತಿಳಿಯಬೇಕು. ಇಲ್ಲ ಎಂದು ತೋರಿಸುವ ಹೊರೆ ಕಂಪನಿಯದು. ತೊಂಬತ್ತನೆಯ ದಿನ ತುಂಬಿದಾಗ ಆ ಲೆಕ್ಕ ತಾನಾಗಿ ಮಂಡಳಿಗೆ ಹೋಗಿ ಕಾರ್ಡು ಬರಲಿ. ಇದಕ್ಕೆಲ್ಲ ಹೊಸ ಯಂತ್ರ ಬೇಕಿಲ್ಲ. ಇದನ್ನು ನಮ್ಮ ಇಂಜಿನಿಯರ್ ಗೆಳೆಯನಿಗೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎರಡು ದಿನದ ಕೆಲ್ಸ ಕಣ್ರೋ ಇದು ಮಾಡಕ್ಕೆ. ಯಾರೂ ಕೇಳಿಲ್ಲ ಅಷ್ಟೆ' ಎಂದ. ಕೇಳಿದವರು ಹಣ ಕೊಡುವವರು. ಅವರು ಕೇಳಿದ್ದನ್ನು ಅವನು ಮಾಡಿಕೊಟ್ಟಿದ್ದಾನೆ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಸ್ವಲ್ಪ ಇದೆ.

ಆ ಭಾನುವಾರ ಹೊರಡುವಾಗ ನಾವು ಹತ್ತಿರದ ಅಂಗಡಿಯಿಂದ ಹನ್ನೆರಡು ಕಾಪಿ ಪುಸ್ತಕ ತಂದು ಕೊಟ್ಟೆವು. ಹುಡುಗರು ಗೆರೆ ಹಾಕಿ ಮನೆ ಮಾಡಿದರು: ತಾರೀಖು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ದೀಪದ ಬಣ್ಣ. ದೀಪದ ಬಣ್ಣದ ಮನೆ ಹಾಕಬೇಕೆಂದು ಹೇಳಿದ್ದು ಅಕ್ಕನೇ. ಓದು ಬಾರದವರು ಕೆಂಪು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕು ಎಂದಳು. ಮೊನ್ನೆ ಫೋನು ಬಂದಿತ್ತು. ಮೂರು ತಿಂಗಳ ಪುಸ್ತಕ ತುಂಬಿದೆಯಂತೆ, ಹನ್ನೊಂದು ಮನೆಯದು. ಅವನ್ನು ಹಿಡಿದುಕೊಂಡು ಮುಂದಿನ ಸೋಮವಾರ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುತ್ತಾರೆ. ಒಂದು ದಿನದ ಕೂಲಿ ಹೋಗುತ್ತದೆ, ಹೋಗಲಿ ಎಂದಳು. ನಾವೂ ಹೋಗುತ್ತೇವೆ.